ಖಾತೆ ನಮ್ಮದು, ಮನೆ ಯಾರದು?



ನಮ್ಮ ಮೂಡಲಪಾಳ್ಯದಲ್ಲಿ ನಾಲ್ಕು ಜನ ಹೆಂಗಸರು ಒಂದು ಕಡೆ ಸೇರಿದರೆ ಈಗ ಮೊದಲು ಬರುವ ಮಾತು ಖಾತೆಯದು. ಎ ಖಾತೆಯೋ ಬಿ ಖಾತೆಯೋ, ಇ-ಖಾತೆ ಆಯಿತೋ ಇಲ್ಲವೋ, ಅದಕ್ಕೆ ಯಾವ ಯಾವ ಕಾಗದ ಬೇಕಂತೆ, ಎಷ್ಟು ದಿನ ಓಡಾಡಬೇಕಂತೆ, ಇದೇ ಕಥೆ. ಆ ಮಾತು ಮುಗಿಯಿತು ಅನ್ನುವಷ್ಟರಲ್ಲಿ ಇನ್ನೊಂದು ಖಾತೆಯ ಮಾತು ಶುರು. "ನಿಮ್ಮದು ಇನ್‌ಸ್ಟಾಗ್ರಾಂನಲ್ಲಿ ಖಾತೆ ಇದೆಯೇನ್ರೀ? ಫೇಸ್‌ಬುಕ್‌ನಲ್ಲಿ ಇದ್ದೀರಾ?" ಮೊದಲನೆಯ ಖಾತೆಯಲ್ಲಿ ಹೆಸರಿನ ಒಂದಕ್ಷರ ಹೆಚ್ಚುಕಡಿಮೆಯಾದರೂ ನಮಗೆ ರಾತ್ರಿ ನಿದ್ದೆ ಬರುವುದಿಲ್ಲ. ಎರಡನೆಯ ಖಾತೆ ತೆರೆಯುವಾಗ ಮಾತ್ರ "ಒಪ್ಪಿಗೆ" ಅನ್ನುವ ಗುಂಡಿ ಒತ್ತಿ ಮುಂದೆ ನಡೆಯುತ್ತೇವೆ. ಅಲ್ಲಿ ಅಷ್ಟುದ್ದ ಬರೆದಿದ್ದರಲ್ಲಾ, ಅದರಲ್ಲಿ ಏನಿತ್ತು ಅಂತ ಓದಿದವರು ನಮ್ಮಲ್ಲಿ ಎಷ್ಟು ಜನ?

ಈ ಸಲ ಆ ಎರಡನೆಯ ಖಾತೆಯ ವಿಷಯ ಮಾತಾಡೋಣ. ಈ ಹತ್ತು ಹದಿನೈದು ವರ್ಷಗಳಲ್ಲಿ ಇಂಥ ತಾಣಗಳ ಒಡೆಯರು ಬದಲಾದದ್ದು, ಹೆಸರು ಬದಲಾದದ್ದು, ಬಾಗಿಲು ಮುಚ್ಚಿದ್ದು ಒಂದೆರಡು ಸಲವಲ್ಲ. ಅಷ್ಟರಲ್ಲಿ ನಾವು ಹೆಂಗಸರು ನಮ್ಮ ಸಂಸಾರದ ಎಷ್ಟೋ ಭಾಗವನ್ನು ಅಲ್ಲಿಗೆ ಸಾಗಿಸಿಬಿಟ್ಟಿದ್ದೇವೆ. ಹಬ್ಬದ ರಂಗೋಲಿ ಅಲ್ಲಿದೆ, ಮಗಳ ಸೀಮಂತದ ಫೋಟೋ ಅಲ್ಲಿದೆ, ಮನೆಯಲ್ಲೇ ಮಾಡಿ ಮಾರುವ ಚಟ್ನಿಪುಡಿ, ಹಪ್ಪಳದ ವ್ಯಾಪಾರವೂ ಅಲ್ಲೇ ಇದೆ. ಹಾಗಿದ್ದಾಗ ಆ ಮನೆ ಯಾರದು, ಒಡೆಯರು ಬದಲಾದರೆ ನಮ್ಮ ಸಾಮಾನಿನ ಗತಿಯೇನು ಎಂಬುದು ತಿಳಿದಿರಬೇಡವೇ?

ದೂರದ ಅಮೆರಿಕೆಯ ಮಾತು ಆಮೇಲೆ. ಮೊದಲು ನಮ್ಮ ಬೆಂಗಳೂರಿನದೇ ಒಂದು ಕಥೆ ಕೇಳಿ.

'ಕೂ' ಎಂಬ ಹಳದಿ ಹಕ್ಕಿ ನಿಮಗೆ ನೆನಪಿರಬಹುದು. ಅಪ್ರಮೇಯ ರಾಧಾಕೃಷ್ಣ ಮತ್ತು ಮಯಾಂಕ್ ಬಿದಾವತ್ಕ ಎಂಬ ಇಬ್ಬರು ಸೇರಿ ಬೆಂಗಳೂರಿನಲ್ಲಿ ಕಟ್ಟಿದ್ದು. ಅಪ್ರಮೇಯ ಅವರು ಅದಕ್ಕೂ ಮೊದಲು ಟ್ಯಾಕ್ಸಿ ಫಾರ್ ಶ್ಯೂರ್ ಎಂಬ ಕಂಪನಿ ಕಟ್ಟಿ, 2015ರಲ್ಲಿ ಅದನ್ನು ಓಲಾ ಕಂಪನಿಗೆ ಮಾರಿದವರಲ್ಲಿ ಒಬ್ಬರು. ಟ್ವಿಟರ್‌ನಲ್ಲಿ ಇಂಗ್ಲಿಷ್ ಬಲ್ಲವರದೇ ಕಾರುಬಾರು, ನಮ್ಮ ಭಾಷೆಯವರು ಮಾತಾಡೋಕೆ ಒಂದು ಜಗಲಿ ಬೇಕು ಅನ್ನುವುದು ಇವರ ಯೋಚನೆ. 2020ರ ಆರಂಭದಲ್ಲಿ ಹಕ್ಕಿ ಹಾರಿದಾಗ ಮೊದಲು ಕೂಗಿದ್ದು ಕನ್ನಡದಲ್ಲಿ. ಹಿಂದಿ, ತಮಿಳು, ತೆಲುಗು ಎಲ್ಲ ಬಂದದ್ದು ಆಮೇಲೆ. ಇಂಥ ವಿಷಯದಲ್ಲಿ ಕನ್ನಡಕ್ಕೆ ಮೊದಲ ಮಣೆ ಸಿಗುವುದು ಅಪರೂಪ, ಅಲ್ಲವೇ?

ಅದೇ ವರ್ಷ ಕೇಂದ್ರ ಸರ್ಕಾರ ನಡೆಸಿದ ಆತ್ಮನಿರ್ಭರ ಸ್ಪರ್ಧೆಯಲ್ಲಿ ಅದಕ್ಕೆ ಬಹುಮಾನ ಬಂತು. 2021ರ ಫೆಬ್ರುವರಿಯಲ್ಲಿ ರೈತರ ಚಳವಳಿಯ ಸಮಯದಲ್ಲಿ ಸರ್ಕಾರಕ್ಕೂ ಟ್ವಿಟರ್‌ಗೂ ಜಟಾಪಟಿ ಆಯಿತಲ್ಲ, ಆಗ ಮಂತ್ರಿಗಳು, ಇಲಾಖೆಗಳು ಕೂ ಕಡೆ ಬಂದವು. ಅದರಲ್ಲಿ ಚೀನಾದ ಶುನ್ವೇ ಎಂಬ ಕಂಪನಿಗೆ ಸ್ವಲ್ಪ ಪಾಲಿತ್ತು. ಜನ ಅದನ್ನು ಆಡಿಕೊಂಡಾಗ ಮಾರ್ಚ್ ತಿಂಗಳಲ್ಲಿ ಆ ಪಾಲನ್ನು ನಮ್ಮ ದೇಶದವರೇ ಕೆಲವರು ಕೊಂಡುಕೊಂಡರು. ಅವರಲ್ಲಿ ನಮ್ಮ ಮೈಸೂರಿನ ಕ್ರಿಕೆಟ್ ಆಟಗಾರ ಜಾವಗಲ್ ಶ್ರೀನಾಥ್ ಕೂಡ ಇದ್ದರು. ಚೀನಾದವರು ಹೋದರು, ಮೇ ತಿಂಗಳಲ್ಲಿ ಅಮೆರಿಕೆಯ ಟೈಗರ್ ಗ್ಲೋಬಲ್ ಎಂಬ ದೊಡ್ಡ ಬಂಡವಾಳಗಾರರು ಮುಂದಾಗಿ 3 ಕೋಟಿ ಡಾಲರ್ ಬಂತು. ಮುಂದಿನ ವರ್ಷ ನವೆಂಬರ್‌ನಲ್ಲಿ, ಎಲ್ಲಿಯ ಬ್ರೆಜಿಲ್ ಎಲ್ಲಿಯ ಬೆಂಗಳೂರು, ಆ ದೇಶದ ಜನ ಎರಡೇ ದಿನದಲ್ಲಿ ಹತ್ತು ಲಕ್ಷ ಸಲ ಈ ಹಕ್ಕಿಯನ್ನು ಫೋನಿಗೆ ಇಳಿಸಿಕೊಂಡರು. ಒಳ್ಳೆಯ ಕಾಲದಲ್ಲಿ ದಿನಕ್ಕೆ ಸುಮಾರು 21 ಲಕ್ಷ ಜನ, ತಿಂಗಳಿಗೆ ಒಂದು ಕೋಟಿಯಷ್ಟು ಜನ ಅಲ್ಲಿ ಬಂದು ಹೋಗುತ್ತಿದ್ದರು.

ಇಷ್ಟೆಲ್ಲ ಇದ್ದೂ ಏನಾಯಿತು? ಬಂದವರಿಗೆ ಕಾಫಿ ಕೊಡುವ ಖರ್ಚು ಇತ್ತು, ಬಂದವರಿಂದ ಆದಾಯ ಇರಲಿಲ್ಲ. ಇಂಥ ತಾಣ ನಡೆಸೋದು ಅಂದರೆ ದಿನವೂ ಕಲ್ಯಾಣಮಂಟಪದಲ್ಲಿ ಊಟ ಹಾಕಿದ ಹಾಗೆ. ಯಂತ್ರಗಳ ಬಾಡಿಗೆ, ಕೆಲಸಗಾರರ ಸಂಬಳ, ಒಂದೂ ನಿಲ್ಲುವ ಹಾಗಿಲ್ಲ. ಹೊಸ ಬಂಡವಾಳ ಬರುವುದು ನಿಂತಿತು, 2023ರಲ್ಲಿ ಕೆಲಸಗಾರರನ್ನು ತೆಗೆಯಬೇಕಾಯಿತು. ಬೆಂಗಳೂರಿನದೇ ಆದ ಡೈಲಿಹಂಟ್ ಕಂಪನಿ ಕೊಳ್ಳುತ್ತದೆ ಅಂತ ಮಾತುಕತೆ ನಡೆದು ಅದೂ ಮುರಿದುಬಿತ್ತು. 2024ರ ಜುಲೈ 3ರಂದು ಸ್ಥಾಪಕರಿಬ್ಬರೂ ಮುಚ್ಚುತ್ತಿದ್ದೇವೆ ಅಂತ ಬರೆದು ಕೈಮುಗಿದರು. ಹಲವು ದೊಡ್ಡ ಕಂಪನಿಗಳ ಜೊತೆ ಮಾತಾಡಿದೆವು, ಜನ ಬರೆಯುವ ಮಾತಿನ ಜವಾಬ್ದಾರಿ ಹೊರಲು ಹೆಚ್ಚಿನವರು ಒಪ್ಪಲಿಲ್ಲ, ಕೆಲವರು ಸಹಿಯ ಹೊತ್ತಿಗೆ ಮನಸ್ಸು ಬದಲಿಸಿದರು ಎಂದು ಅವರು ವಿವರಿಸಿದ್ದರು.

ಇದರಲ್ಲಿ ಯಾರನ್ನೂ ಬೈಯುವ ಕಾರಣವಿಲ್ಲ. ಅವರು ಪ್ರಯತ್ನ ಮಾಡಿದರು, ಆಗಲಿಲ್ಲ. ಆದರೆ ನಮಗೊಂದು ಪಾಠ ಇದೆ ನೋಡಿ. ಒಡೆಯರು ಹೊರಗಿನವರು ಅಂತ ಹೆದರಿ ನಮ್ಮವರ ಮನೆಗೆ ಹೋದೆವು. ಆದರೆ ಒಡೆಯರು ನಮ್ಮವರಾದ ಮಾತ್ರಕ್ಕೆ ಬಾಡಿಗೆ ಮನೆ ಸ್ವಂತ ಮನೆ ಆಗುವುದಿಲ್ಲ. ಕನ್ನಡದಲ್ಲಿ ಮಾತಾಡುವ ಮನೆ ಮಾಲೀಕರೂ ಒಂದು ದಿನ "ಮನೆ ಖಾಲಿ ಮಾಡಿ" ಅನ್ನಬಹುದು.

ಹಳದಿ ಹಕ್ಕಿಗೆ ಒಂದು ವರ್ಷ ಮೊದಲೇ ನೀಲಿ ಹಕ್ಕಿಯೂ ಹಾರಿಹೋಗಿತ್ತು. 2006ರಲ್ಲಿ ಶುರುವಾದ ಟ್ವಿಟರ್ ಅನ್ನು 2022ರ ಅಕ್ಟೋಬರ್‌ನಲ್ಲಿ ಎಲಾನ್ ಮಸ್ಕ್ ಎಂಬ ಸಾಹುಕಾರರು 4,400 ಕೋಟಿ ಡಾಲರ್ ಕೊಟ್ಟು ಕೊಂಡರು. ಹೊಸ ಯಜಮಾನರು ಬಂದ ಎಂಟು ಹತ್ತು ದಿನದಲ್ಲೇ ಅರ್ಧದಷ್ಟು ಕೆಲಸಗಾರರು ಮನೆಗೆ ಹೋದರು. ಮೊದಲು ಗಣ್ಯರಿಗೆ, ಪತ್ರಕರ್ತರಿಗೆ ಪರೀಕ್ಷೆ ಮಾಡಿ ಕೊಡುತ್ತಿದ್ದ ನೀಲಿ ಗುರುತು ತಿಂಗಳಿಗಿಷ್ಟು ಅಂತ ದುಡ್ಡು ಕಟ್ಟಿದವರಿಗೆ ಸಿಗುವ ಹಾಗಾಯಿತು. 2023ರ ಜುಲೈನಲ್ಲಿ ಹಕ್ಕಿಯೂ ಹೋಗಿ, ಹೆಸರೂ ಹೋಗಿ, ಬರೀ 'ಎಕ್ಸ್' ಆಯಿತು. 2025ರ ಮಾರ್ಚ್‌ನಲ್ಲಿ ಅವರು ಅದನ್ನು ತಮ್ಮದೇ ಇನ್ನೊಂದು ಕಂಪನಿಯಾದ ಎಕ್ಸ್‌ಎಐಗೆ ಸೇರಿಸಿದರು. ಅದು ಯಂತ್ರಕ್ಕೆ ಬುದ್ಧಿ ಕಲಿಸುವ ಕಂಪನಿ. ಜನ ಬರೆದದ್ದನ್ನು ಆ ಪಾಠಕ್ಕೆ ಬಳಸಬಹುದು ಎಂದು ತಾಣದ ನಿಯಮದಲ್ಲಿ ಅದಕ್ಕೂ ಮೊದಲೇ ಬರೆದಾಗಿತ್ತು. ಹೀಗೆ ಕೊಟ್ಟವರೂ ಅವರೇ, ಕೊಂಡವರೂ ಅವರೇ. ಒಳಗೆ ಕೂತು ಮಾತಾಡುತ್ತಿದ್ದವರನ್ನು ಯಾರೂ ಕೇಳಲಿಲ್ಲ.

"ನಮಗೆ ಟ್ವಿಟರ್ ಯಾಕ್ರೀ, ನಾವು ವಾಟ್ಸಾಪ್‌ನವರು" ಅಂತೀರಾ? ಹಾಗಾದರೆ ನಮ್ಮ ಮನೆಯ ಕಥೆಗೇ ಬರೋಣ.

ಫೇಸ್‌ಬುಕ್ ಶುರುವಾದದ್ದು 2004ರಲ್ಲಿ. ಅದೇ ಕಂಪನಿ 2012ರಲ್ಲಿ 100 ಕೋಟಿ ಡಾಲರ್‌ಗೆ ಇನ್‌ಸ್ಟಾಗ್ರಾಂ ಕೊಳ್ಳುವ ಒಪ್ಪಂದ ಮಾಡಿಕೊಂಡಿತು. 2014ರಲ್ಲಿ ವಾಟ್ಸಾಪ್‌ಗೆ 1,900 ಕೋಟಿ ಡಾಲರ್ ಬೆಲೆ ಕಟ್ಟಿತು. 2021ರ ಅಕ್ಟೋಬರ್‌ನಲ್ಲಿ ಆ ಕಂಪನಿ ತನ್ನ ಹೆಸರನ್ನೇ 'ಮೆಟಾ' ಅಂತ ಬದಲಿಸಿಕೊಂಡಿತು. ಅಂದರೆ ಫೇಸ್‌ಬುಕ್‌ನಲ್ಲಿ ಜಗಳವಾಯಿತು ಅಂತ ಇನ್‌ಸ್ಟಾಗ್ರಾಂಗೆ ಹೋದರೆ, ಅಲ್ಲೂ ಬೇಜಾರಾಗಿ ವಾಟ್ಸಾಪ್ ಗುಂಪಿಗೆ ಬಂದರೆ, ನಾವು ಒಂದೇ ಮಾಲೀಕರ ವಠಾರದಲ್ಲಿ ಕೋಣೆ ಬದಲಾಯಿಸಿದ ಹಾಗೆ. ಆ ಹೆಸರು ಬದಲಾದ ತಿಂಗಳೇ, 2021ರ ಅಕ್ಟೋಬರ್ 4ರ ರಾತ್ರಿ, ಮೂರೂ ಒಟ್ಟಿಗೆ ಸುಮಾರು ಆರು ಗಂಟೆ ಕಾಲ ಸ್ತಬ್ಧವಾಗಿದ್ದವು. ಎಷ್ಟೋ ಜನ ತಮ್ಮ ಫೋನೇ ಕೆಟ್ಟಿತು ಅಂದುಕೊಂಡರು. ಕೆಟ್ಟದ್ದು ಫೋನಲ್ಲ, ವಠಾರದ ಮೇನ್ ಸ್ವಿಚ್ಚು!

ವಾಟ್ಸಾಪ್ ಮಾರಾಟವಾದಾಗ ಅದರಲ್ಲಿ ಕೆಲಸ ಮಾಡುತ್ತಿದ್ದವರು ಐವತ್ತು ಚಿಲ್ಲರೆ ಜನ. ಬಳಸುತ್ತಿದ್ದವರು 45 ಕೋಟಿ ಜನ. ಐವತ್ತು ಜನರ ಕಂಪನಿಗೆ ಅಷ್ಟು ದುಡ್ಡು ಯಾರಾದರೂ ಕೊಡುತ್ತಾರೆಯೇ? ಕೊಟ್ಟದ್ದು ಆ 45 ಕೋಟಿ ಜನಕ್ಕೆ. ಬಾಡಿಗೆ ಇಲ್ಲದ ಮನೆ ಅಂದುಕೊಂಡಿದ್ದೆವಲ್ಲ, ನಾವು ಏನು ನೋಡುತ್ತೇವೆ, ಏನು ಕೊಳ್ಳುತ್ತೇವೆ ಅನ್ನುವುದನ್ನು ತಿಳಿದು ಜಾಹೀರಾತು ತೋರಿಸುವುದೇ ಈ ಮಾಲೀಕರಿಗೆ ಬರುವ ಬಾಡಿಗೆ. ವಾಟ್ಸಾಪ್ ಕಟ್ಟಿದ ಜಾನ್ ಕೂಮ್, ಬ್ರಯಾನ್ ಆಕ್ಟನ್ ಇಬ್ಬರಿಗೂ ಜಾಹೀರಾತು ಅಂದರೆ ಆಗುತ್ತಿರಲಿಲ್ಲ. ಮಾರಿದ ಮೇಲೆ ಒಬ್ಬರು 2017ರಲ್ಲಿ, ಇನ್ನೊಬ್ಬರು 2018ರಲ್ಲಿ ಹೊರಟುಹೋದರು. 2025ರ ಜೂನ್‌ನಲ್ಲಿ ನಾವು ಸ್ಟೇಟಸ್ ನೋಡುವ ಜಾಗಕ್ಕೆ ಜಾಹೀರಾತು ತರುವುದಾಗಿ ಕಂಪನಿ ಪ್ರಕಟಿಸಿತು. ಮನೆ ಕಟ್ಟಿಸಿದ ಹಿರಿಯರು ಕೊಟ್ಟ ಮಾತು ಕೊಂಡವರಿಗೆ ಅಂಟುವುದಿಲ್ಲ. ನಮ್ಮ ಕಡೆ ಬಾಡಿಗೆಗಿರುವ ಯಾವ ಹೆಂಗಸನ್ನು ಕೇಳಿದರೂ ಇದನ್ನು ಹೇಳುತ್ತಾಳೆ.

ಮಾರಾಟವಾದರೆ ನಿಯಮ ಬದಲಾಗುತ್ತದೆ. ಮುಚ್ಚಿದರೆ ಇಡೀ ಮನೆಯೇ ಹೋಗುತ್ತದೆ. ಈಗ ನಲವತ್ತರ ಆಸುಪಾಸಿನಲ್ಲಿರುವವರಿಗೆ ಆರ್ಕುಟ್ ನೆನಪಿರುತ್ತದೆ. 2004ರಲ್ಲಿ ಗೂಗಲ್ ಕಂಪನಿ ಶುರುಮಾಡಿದ್ದು, ಬ್ರೆಜಿಲ್ ಬಿಟ್ಟರೆ ನಮ್ಮ ದೇಶದಲ್ಲೇ ಅದಕ್ಕೆ ಹೆಚ್ಚು ಜನ. 2014ರ ಸೆಪ್ಟೆಂಬರ್ 30ರಂದು ಮುಚ್ಚಿತು. ಫೋಟೋ ತೆಗೆದುಕೊಂಡು ಹೋಗಿ ಅಂತ ಎರಡು ವರ್ಷ ಸಮಯ ಕೊಟ್ಟಿದ್ದರು, ಅಷ್ಟರಮಟ್ಟಿಗೆ ಒಳ್ಳೆಯ ಮಾಲೀಕರು. ಟಿಕ್‌ಟಾಕ್‌ನದು ಬೇರೆ ಥರ. ಅದರ ಒಡೆಯರು ಚೀನಾದ ಬೈಟ್‌ಡಾನ್ಸ್. 2020ರ ಜೂನ್ 29ರಂದು ನಮ್ಮ ಸರ್ಕಾರ ಚೀನಾ ಮೂಲದ 59 ಆ್ಯಪ್‌ಗಳನ್ನು ನಿಷೇಧಿಸಿದಾಗ ಅದೂ ಹೋಯಿತು. ನಿಷೇಧ ಸರಿಯೋ ತಪ್ಪೋ ಅದು ದೊಡ್ಡವರ ಮಾತು. ಹಳ್ಳಿಯಲ್ಲಿ ಕೂತು ಹಾಡಿ, ಕುಣಿದು, ಅಡುಗೆ ಮಾಡಿ ತೋರಿಸಿ ಹೆಸರು ಮಾಡಿದ್ದ ಹೆಣ್ಣುಮಕ್ಕಳು ಮಾತ್ರ ಮಾರನೆಯ ದಿನದಿಂದ ಸೊನ್ನೆಯಿಂದ ಶುರುಮಾಡಬೇಕಾಯಿತು. ಕೆಲವೇ ದಿನಗಳಲ್ಲಿ ಬೆಂಗಳೂರಿನ ಶೇರ್‌ಚಾಟ್‌ನವರ 'ಮೋಜ್' ಬಂತು, ಇನ್‌ಸ್ಟಾಗ್ರಾಂನಲ್ಲಿ ರೀಲ್ಸ್ ಬಂತು. ಆದರೆ ಅಲ್ಲಿ ಸೇರಿಸಿದ್ದ ಜನ ಇಲ್ಲಿಗೆ ತಾವಾಗಿ ನಡೆದು ಬರುವುದಿಲ್ಲವಲ್ಲ.

ಮುಚ್ಚದೆ ಇದ್ದೂ ಕಳೆದುಹೋಗುವುದುಂಟು. ಮೈಸ್ಪೇಸ್ ಅಂತ ಒಂದಿತ್ತು. ರೂಪರ್ಟ್ ಮರ್ಡಾಕ್ ಅವರ ಕಂಪನಿ 2005ರಲ್ಲಿ 58 ಕೋಟಿ ಡಾಲರ್‌ಗೆ ಕೊಂಡು, 2011ರಲ್ಲಿ ಮೂರೂವರೆ ಕೋಟಿಗೆ ಮಾರಿತು. 2019ರಲ್ಲಿ ತಿಳಿದುಬಂದದ್ದೇನೆಂದರೆ, ಯಂತ್ರದಿಂದ ಯಂತ್ರಕ್ಕೆ ಸಾಮಾನು ಸಾಗಿಸುವಾಗ ಜನ ಹತ್ತಾರು ವರ್ಷ ತುಂಬಿಸಿಟ್ಟಿದ್ದ ಹಾಡು, ಫೋಟೋ, ವಿಡಿಯೋ ಎಲ್ಲ ಹೋಗಿಬಿಟ್ಟಿತ್ತು. ಮನೆ ಬದಲಾಯಿಸುವಾಗ ನಮ್ಮಲ್ಲಿ ಒಂದು ಉಪ್ಪಿನಕಾಯಿ ಜಾಡಿ ಒಡೆದರೆ ವರ್ಷಗಟ್ಟಲೆ ಹೇಳಿಕೊಳ್ಳುತ್ತೇವೆ!

ಇದೆಲ್ಲ ನಮಗೇನು ಮಾಡೀತು ಅಂತ ಅನ್ನಬೇಡಿ. ನಮ್ಮ ಬೀದಿಯ ಒಬ್ಬ ಹೆಣ್ಣುಮಗಳು ಗಂಡನ ಸಂಬಳ ಸಾಲದೆ ಹುರಿಹಿಟ್ಟು, ಚಟ್ನಿಪುಡಿ, ಸಾಂಬಾರುಪುಡಿ ಮಾಡಿ ಮಾರುತ್ತಾಳೆ. ಮೂರು ವರ್ಷ ಕಷ್ಟಪಟ್ಟು ಒಂದು ತಾಣದಲ್ಲಿ ಗಿರಾಕಿಗಳನ್ನು ಬೆಳೆಸಿದ್ದಳು. ಒಂದು ದಿನ ಬೆಳಿಗ್ಗೆ ನೋಡಿದರೆ ಖಾತೆ ಬಂದ್. ಕಾರಣ ಒಂದೇ ಸಾಲು, ನಿಯಮ ಮೀರಿದ್ದೀರಿ ಅಂತ. ಯಾವ ನಿಯಮ? ಯಾರನ್ನು ಕೇಳುವುದು? ಮನೆ ಮಾಲೀಕರಾದರೆ ಮಹಡಿ ಮೇಲಾದರೂ ಇರುತ್ತಾರೆ, ಬಾಗಿಲು ತಟ್ಟಬಹುದು. ಅವಳ ಹತ್ತಿರ ಗಿರಾಕಿಗಳ ಹೆಸರೂ ಇಲ್ಲ, ಫೋನ್ ನಂಬರೂ ಇಲ್ಲ, ಎಲ್ಲ ಆ ಖಾತೆಯ ಒಳಗೇ. ಮಗಳ ಕಾಲೇಜಿನ ಫೀಸು ಕಟ್ಟುವ ತಿಂಗಳದು. ಪುಡಿ ಡಬ್ಬಗಳಲ್ಲಿ ತುಂಬಿತ್ತು, ಕೊಳ್ಳುವವರು ಎಲ್ಲಿದ್ದಾರೆ ಅಂತ ಅವಳಿಗೆ ತಿಳಿಯದು. ವಿಜಯನಗರದ ಮಾರುಕಟ್ಟೆಯ ಅಂಗಡಿಗಳಿಗೆ ಹೊತ್ತುಕೊಂಡು ತಿರುಗಿ ಮತ್ತೆ ಮೊದಲಿನಿಂದ ಶುರುಮಾಡಿದಳು. ಈಗ ಅವಳ ಅಡುಗೆಮನೆಯ ಗೂಟಕ್ಕೆ ಒಂದು ನೋಟ್‌ಬುಕ್ ನೇತಾಡುತ್ತಿದೆ, ಪ್ರತಿ ಗಿರಾಕಿಯ ಹೆಸರು, ವಿಳಾಸ, ನಂಬರು ಅದರಲ್ಲಿ.

ಹಾಗಂತ ಫೋನನ್ನೇ ಎತ್ತಿಡಿ ಅಂತ ನಾನು ಹೇಳುವುದಿಲ್ಲ. ಬಾಡಿಗೆ ಮನೆಯಲ್ಲಿದ್ದೂ ಹಬ್ಬ ಹರಿದಿನ ಮಾಡಿ, ಮಕ್ಕಳನ್ನು ಓದಿಸಿ, ಸುಖವಾಗಿ ಸಂಸಾರ ಮಾಡಿದವರು ನಮ್ಮಲ್ಲಿ ಎಷ್ಟು ಜನ ಇಲ್ಲ! ಆದರೆ ಬಾಡಿಗೆ ಮನೆಯಲ್ಲಿ ಯಾರೂ ಸ್ವಂತ ದುಡ್ಡಿನಿಂದ ಬೋರ್‌ವೆಲ್ ಕೊರೆಸುವುದಿಲ್ಲ. ಆ ಜಾಣತನ ಇಲ್ಲೂ ಇದ್ದರೆ ಸಾಕು. ಅದಕ್ಕೆ ಮಾಡಬೇಕಾದದ್ದು ಇಷ್ಟು.

ಮೊದಲನೆಯದು, ಯಾವುದು ನಿಮಗೆ ಬೇಕೇ ಬೇಕೋ ಅದರ ಒಂದು ಪ್ರತಿ ನಿಮ್ಮ ಮನೆಯಲ್ಲಿರಲಿ. ಫೇಸ್‌ಬುಕ್, ಇನ್‌ಸ್ಟಾಗ್ರಾಂ ಎರಡರಲ್ಲೂ ಸೆಟ್ಟಿಂಗ್ಸ್ ಒಳಗೆ ನಿಮ್ಮ ಮಾಹಿತಿಯನ್ನೆಲ್ಲ ಇಳಿಸಿಕೊಳ್ಳುವ ಅನುಕೂಲ ಇದೆ. ವಾಟ್ಸಾಪ್‌ನಲ್ಲಿ ಒಬ್ಬರ ಜೊತೆ ಆಡಿದ ಮಾತುಗಳನ್ನು 'ಎಕ್ಸ್‌ಪೋರ್ಟ್ ಚಾಟ್' ಒತ್ತಿ ಇಮೇಲ್‌ಗೆ ಕಳಿಸಿಕೊಳ್ಳಬಹುದು. ಮನೆಯ ಮಕ್ಕಳನ್ನು ಒಂದು ಭಾನುವಾರ ಕೂರಿಸಿಕೊಂಡು ಮಾಡಿಸಿ, ಒಂದು ಪೆನ್‌ಡ್ರೈವ್‌ಗೆ ಹಾಕಿಸಿ ಬೀರುವಿನಲ್ಲಿಡಿ. ವರ್ಷಕ್ಕೊಮ್ಮೆ, ಆಯುಧಪೂಜೆಯ ದಿನ ಮಾಡುವ ಅಭ್ಯಾಸ ಇಟ್ಟುಕೊಂಡರೆ ಮರೆಯುವುದಿಲ್ಲ.

ಎರಡನೆಯದು, ವ್ಯಾಪಾರ ಮಾಡುವವರು ಗಿರಾಕಿಗಳ ಪಟ್ಟಿಯನ್ನು ಪುಸ್ತಕದಲ್ಲಿ ಬರೆದಿಡಿ. ಒಂದೇ ತಾಣ ನಂಬಬೇಡಿ, ಎರಡರಲ್ಲಿರಿ. ಆ ಎರಡು ಒಬ್ಬರೇ ಮಾಲೀಕರದ್ದಾಗಿರಬಾರದು. ಡಬ್ಬದ ಮೇಲೆ ಅಂಟಿಸುವ ಚೀಟಿಯಲ್ಲಿ ನಿಮ್ಮ ಫೋನ್ ನಂಬರು ಇರಲಿ.

ಮೂರನೆಯದು, ಖಾತೆ ಬಂದ್ ಆದರೆ ಅಳುತ್ತಾ ಕೂರಬೇಡಿ. 2021ರ ಮಾಹಿತಿ ತಂತ್ರಜ್ಞಾನ ನಿಯಮಗಳ ಪ್ರಕಾರ ಇಂಥ ಕಂಪನಿಗಳು ದೂರು ಕೇಳಲು ಒಬ್ಬ ಅಧಿಕಾರಿಯನ್ನು ಇಟ್ಟಿರಲೇಬೇಕು, ಅವರ ಹೆಸರು, ವಿಳಾಸ ತಾಣದಲ್ಲಿ ಪ್ರಕಟವಾಗಿರಬೇಕು. ಅಲ್ಲೂ ನ್ಯಾಯ ಸಿಗದಿದ್ದರೆ ಕೇಂದ್ರ ಸರ್ಕಾರ 2023ರಲ್ಲಿ ರಚಿಸಿದ ಮೇಲ್ಮನವಿ ಸಮಿತಿಗೆ 30 ದಿನದೊಳಗೆ ಬರೆಯಬಹುದು. ಖಾತೆಯನ್ನು ಕಳ್ಳರು ಹಿಡಿದು ದುಡ್ಡು ಕೇಳುತ್ತಿದ್ದರೆ ಕೂಡಲೇ 1930ಕ್ಕೆ ಫೋನ್ ಮಾಡಿ.

ನಾಲ್ಕನೆಯದು ಸ್ವಲ್ಪ ಮನಸ್ಸಿಗೆ ಕಷ್ಟದ್ದು. ಮನೆಯಲ್ಲಿ ಯಾರಾದರೂ ತೀರಿಕೊಂಡರೆ ಅವರ ಫೋನಿನ ಸಿಮ್ಮಿಗೆ ದುಡ್ಡು ಹಾಕುವುದನ್ನು ಒಮ್ಮೆಲೇ ನಿಲ್ಲಿಸಬೇಡಿ. ಬಹುಕಾಲ ಬಳಸದ ನಂಬರು ಬೇರೆಯವರ ಪಾಲಾಗುತ್ತದೆ. ವಾಟ್ಸಾಪ್ ಖಾತೆಯೂ 120 ದಿನ ಬಳಸದಿದ್ದರೆ ಸಾಮಾನ್ಯವಾಗಿ ಅಳಿಸಿಹೋಗುತ್ತದೆ. ನನಗೆ ಗೊತ್ತಿರುವ ಒಬ್ಬ ಹಿರಿಯ ಹೆಂಗಸು ತೀರಿಹೋದ ಯಜಮಾನರು ಕಳಿಸುತ್ತಿದ್ದ ಧ್ವನಿಯ ಸಂದೇಶಗಳನ್ನು ದಿನಾ ಸಂಜೆ ಕೇಳುತ್ತಾರೆ. "ಬರ್ತಾ ಹೂ ತರ್ತೀನಿ, ಇನ್ನೇನಾದರೂ ಬೇಕಾ?" ಅನ್ನುವಷ್ಟೇ ಮಾತು. ಅವರ ಮೊಮ್ಮಗ ಅದನ್ನೆಲ್ಲ ತೆಗೆದು ಬೇರೆ ಕಡೆ ಇಟ್ಟುಕೊಟ್ಟಿದ್ದಾನೆ. ಇಂಥ ಮೊಮ್ಮಗ ಎಲ್ಲರಿಗೂ ಇರುವುದಿಲ್ಲ, ಆದ್ದರಿಂದ ನಾವೇ ಕಲಿಯುವುದು ಮೇಲು.

ಕೊನೆಯದಾಗಿ, ನಿಮ್ಮ ಅಡುಗೆಗಳು. ಅತ್ತೆಯವರ ಮೆಣಸಿನ ಸಾರಿನ ಅಳತೆ, ಅಮ್ಮನ ಅಂಟಿನುಂಡೆಯ ಪಾಕದ ಹದ, ಅದನ್ನೆಲ್ಲ ವಿಡಿಯೋ ಮಾಡಿ ಹಾಕಿ, ಬೇಡ ಅನ್ನೋಲ್ಲ. ನಾಲ್ಕು ಜನ ನೋಡಿ ಕಲಿಯಲಿ. ಆದರೆ ಅದರ ಜೊತೆಗೆ ಒಂದು ನೂರು ಪುಟದ ಪುಸ್ತಕ ತಂದು, ನಿಮ್ಮ ಕೈಬರಹದಲ್ಲಿ ಬರೆದಿಡಿ. ಆ ಪುಸ್ತಕಕ್ಕೆ ಎಣ್ಣೆಯ ಕಲೆ ಆದೀತು, ಅರಿಶಿನ ಅಂಟೀತು, ಆದರೆ ಅದನ್ನು ನಿಮಗೆ ಹೇಳದೆ ಯಾವ ಸಾಹುಕಾರರೂ ಮಾರುವ ಹಾಗಿಲ್ಲ. ನಾಳೆ ಮಗಳೋ ಸೊಸೆಯೋ ತೆರೆದರೆ ಅಳತೆ ಅಲ್ಲೇ ಇರುತ್ತದೆ.

ನೀವೂ ಯಾವುದಾದರೂ ತಾಣ ಮುಚ್ಚಿದಾಗ ಏನಾದರೂ ಕಳೆದುಕೊಂಡಿದ್ದೀರಾ? ಅಥವಾ ಉಳಿಸಿಕೊಳ್ಳುವ ಸುಲಭದ ಉಪಾಯ ಕಂಡುಕೊಂಡಿದ್ದೀರಾ? ಪತ್ರ ಬರೆದು ತಿಳಿಸಿ, ಉಳಿದ ಸೋದರಿಯರಿಗೂ ಉಪಯೋಗವಾಗಲಿ. ಮುಂದಿನ ಸಂಚಿಕೆಯಲ್ಲಿ ಮತ್ತೆ ಭೇಟಿಯಾಗೋಣ.